ನರ್ಸ್ ಕಥೆಯ ಕೊನೆಯ ಕಂತು

ಜೂನ್ 2, ಬೆಳಿಗ್ಗೆ
ಅಡಿಟಿಪ್ಪಣಿಗಳನ್ನು ಮತ್ತೆ ಎಣಿಸಿದೆ. ನಿನ್ನೆಗಿಂತ ಒಂದು ಕಮ್ಮಿ. ನೋಡಿದರೆ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು.

ತಿಂಗಳ ಕೊನೆಯೊಳಗೆ ಲೇಖನ ಹೋಗಬೇಕು. ಸಂಶೋಧನಾ ಪತ್ರಿಕೆಯವರು ಒಪ್ಪಿದರೆ ಮಾತ್ರ ಯೂನಿವರ್ಸಿಟಿಯಲ್ಲಿ ಥೀಸಿಸ್ ತೆಗೆದುಕೊಳ್ಳುತ್ತಾರಂತೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮಗಳ ವಯಸ್ಸಿನವರ ಪಕ್ಕ ಕೂತು ಪರೀಕ್ಷೆ ಬರೆದವಳು, ಇಲ್ಲಿಯ ತನಕ ಬಂದಿದ್ದೇನೆ. ದಡದಲ್ಲಿ ಮುಗ್ಗರಿಸಿದರೆ?

ವಿಷಯ — ಹಳೆಯ ವಾರಪತ್ರಿಕೆಗಳಲ್ಲಿ ಹೆಂಗಸರು ಬರೆದು, ಅರ್ಧಕ್ಕೇ ನಿಂತುಹೋದ ಧಾರಾವಾಹಿಗಳು. "ಅನಿವಾರ್ಯ ಕಾರಣಗಳಿಂದ ಮುಂದುವರಿಯುವುದಿಲ್ಲ" ಅಂತ ಸಂಪಾದಕರ ಒಂದು ಸಾಲು, ಅಷ್ಟೇ. ಹೆರಿಗೆಯೋ, ಗಂಡನ ವರ್ಗವೋ, ಗಂಡನ ಸಿಟ್ಟೋ... ಅದನ್ನು ಹುಡುಕುವುದು ನನ್ನ ಕೆಲಸ.

ಅತ್ತೆಯ ಟೀಕೆ: "ಒಂದು ಲೇಖನಕ್ಕೆ ಎರಡು ವರ್ಷ! ಅಷ್ಟರಲ್ಲಿ ನಾನು ಇಬ್ಬರನ್ನ ಹೆತ್ತು, ಮೂರನೇದಕ್ಕೆ ವಾಂತಿ ಮಾಡ್ತಾ ಇದ್ದೆ."

ಜೂನ್ 5
ಅತ್ತೆ ಕನ್ನಡಕ ಏರಿಸಿ ಲೇಖನ ಓದುತ್ತಿದ್ದರು. ಯಾರು ಕೊಟ್ಟರೋ.

"ಆ ನರ್ಸ್ ಧಾರಾವಾಹೀಲಿ ಅವಳು ಹೊಸಿಲ ಹತ್ರನೇ ನಿಂತುಬಿಟ್ಟಳು, ಕಥೆ ಅಲ್ಲಿಗೇ ನಿಂತಿತು ಅಂತ ಬರ್ದಿದ್ದೀಯ. ಸುಳ್ಳು. ಅವಳು ಬಸ್ ಹತ್ತಿದಳು ಕಣೇ. ಪಕ್ಕದ ಸೀಟಿನವಳು ಕಿತ್ತಳೆಹಣ್ಣು ಕೊಡ್ತಾಳೆ."

"ಬೇರೆ ಕಥೆ ಇರಬಹುದು ಅತ್ತೆ."

"ಆ ವಾರದ ಪತ್ರಿಕೆಗೆ ನಾನೂ ನಿಮ್ಮ ಮಾವನೂ ಕಿತ್ತಾಡಿದ್ದೀವಿ. ಮರೀತೀನಾ?"

ಲೈಬ್ರರಿಗೆ ಓಡಿದೆ. ನಿಜ! ಬೈಂಡ್ ಮಾಡಿದವರು ಆ ವರ್ಷದ ಕೊನೆಯ ಸಂಚಿಕೆಯನ್ನು ಮುಂದಿನ ವರ್ಷದ ಸಂಪುಟಕ್ಕೆ ಸೇರಿಸಿ ಹೊಲಿದುಬಿಟ್ಟಿದ್ದಾರೆ. ಬಸ್ಸೂ ಇದೆ, ಕಿತ್ತಳೆಯೂ ಇದೆ. ಎರಡು ವರ್ಷ ತಪ್ಪನ್ನೇ ಹೊತ್ತು ತಿರುಗಿದ್ದೆನಲ್ಲ. ಪುಟ ತಿದ್ದಿದೆ. ಇನ್ನೆಷ್ಟು ತಪ್ಪುಗಳಿವೆಯೋ...

ಜೂನ್ 11
ಲೈಬ್ರರಿಯನ್ ಲೇಖನವನ್ನು ಕಂಪ್ಯೂಟರಿಗೆ ಹಾಕಿದರು, ಕೃತಿಚೌರ್ಯ ಇದೆಯೋ ಇಲ್ಲವೋ ನೋಡಲು. ಆ ವರದಿ ಇಲ್ಲದೆ ಪತ್ರಿಕೆ ಮುಟ್ಟುವುದೇ ಇಲ್ಲ.

"ಮೂವತ್ತೆಂಟು ಪರ್ಸೆಂಟ್ ಹೋಲಿಕೆ ಬಂದಿದೆ ಅಮ್ಮ. ಹತ್ತು ದಾಟಬಾರದು."

ಪುಟಗಟ್ಟಲೆ ಕೆಂಪು. ತಾಳೆಯಾಗಿದ್ದು ಒಂದೇ ಲೇಖನಕ್ಕೆ — ಈ ಜನವರಿಯಲ್ಲಿ ಬಂದ ಪುಸ್ತಕವೊಂದರಲ್ಲಿದೆ. ಬರೆದವರು ನಮ್ಮ ಮೇಡಂ. ನನ್ನ ಗೈಡ್.

ಜೂನ್ 12
ಕದ್ದಿದ್ದೇನೆ. ಗೊತ್ತಿಲ್ಲದೆಯೇ ಕದ್ದಿದ್ದೇನೆ. ಮೇಡಂ ಎಂದೋ ಹೇಳಿದ್ದು ತಲೆಯಲ್ಲಿ ಉಳಿದು, ನನ್ನದೇ ಅಂದುಕೊಂಡು ಬರೆದಿರಬೇಕು. ಸರಿಯಾಗಿ ಓದಿ ಬಂದವರಿಗೆ ಇಂಥದ್ದು ಆಗುತ್ತದೆಯೇ? ಅನ್ನ ಸೀದಿತು. ಇವರು ಸುಮ್ಮನೆ ತಿಂದರು. ಅದು ಇನ್ನೂ ಸಂಕಟ.

ಜೂನ್ 17, ಮಧ್ಯಾಹ್ನ
ಧೈರ್ಯ ಮಾಡಿ ಮೇಡಂ ಲೇಖನವನ್ನು ಮೊದಲಿನಿಂದ ಓದಿದೆ. ಆರನೆಯ ಪುಟ. ನರ್ಸ್ ಹೊಸಿಲ ಹತ್ತಿರವೇ ನಿಂತಿದ್ದಾಳೆ. ಕಥೆ ಅಲ್ಲಿಗೇ ಮುಗಿದಿದೆ.

ಅದು ನನ್ನ ತಪ್ಪು! ಹೋದ ವರ್ಷ ಸೆಮಿನಾರಿಗೆ ಬರೆದು ಮೇಡಂಗೆ ಮೇಲ್ ಮಾಡಿದ್ದ ಕರಡಿನ ತಪ್ಪು. ಮೇಡಂ ಆ ಸಂಪುಟ ಬಿಚ್ಚಿಯೂ ಇಲ್ಲ.

ಕಳ್ಳಿ ನಾನಲ್ಲ. ಒಂದು ಗಳಿಗೆ ಎಷ್ಟು ಹಗುರ ಅನ್ನಿಸಿತು. ಆಮೇಲೆ ನೆನಪಾಯಿತು. ಥೀಸಿಸ್‌ಗೆ ಸಹಿ ಹಾಕಬೇಕಾದವರು ಅವರೇ.

ಅತ್ತೆಗೆ ಹೇಳಿದೆ. "ಗೆದ್ದಲು ಹುತ್ತ ಕಟ್ತು, ಹಾವು ಸೇರ್ಕೊಂಡಿತು. ಇದರಲ್ಲಿ ಹೊಸದೇನಿದೆ?" ಅಂದರು. ಕನ್ನಡಕ ಒರೆಸಿಕೊಂಡು: "ಗೆದ್ದಲಿಗೆ ಬಾಯಿ ಇಲ್ಲ. ನಿನಗಿದೆಯಲ್ಲ."

ಜೂನ್ 19
ಮೇಡಂ ಕೋಣೆ. ನನಗಿಂತ ಚಿಕ್ಕವರು; ಏನಾದರೂ ಆಗಬೇಕಾದಾಗ "ಅಕ್ಕ" ಅನ್ನುತ್ತಾರೆ. ವರದಿ ಮುಂದಿಟ್ಟೆ. ಮುಖ ಒಂದಿಷ್ಟು ಕೆಂಪಾಯಿತು, ಅಷ್ಟೇ.

"ಅಯ್ಯೋ ಅಕ್ಕ, ಆ ಪುಸ್ತಕದವರು ಅರ್ಜೆಂಟಾಗಿ ಕೇಳಿದ್ರು. ನಾನೇ ತಿದ್ದಿದ್ದಲ್ವಾ? ನಿಮ್ದು ನಮ್ದು ಅಂತ ಏನಿದೆ? ವಾಕ್ಯ ಸ್ವಲ್ಪ ತಿರುಗಿಸಿ ಬರೀರಿ, ಪರ್ಸೆಂಟ್ ಇಳಿಯುತ್ತೆ."

"ಆಗಲಿ ಮೇಡಂ" ಅಂದೆ. ಅಂದುಬಿಟ್ಟೆ!

ಜೂನ್ 21
ತಿರುಗಿಸುತ್ತಿದ್ದೇನೆ. "ಬರೆಯುವುದನ್ನು ನಿಲ್ಲಿಸಿದ ಹೆಂಗಸು ಕಥೆಯನ್ನು ನಿಲ್ಲಿಸಿರಲಿಲ್ಲ" — ಇದನ್ನು "ಲೇಖನಕ್ರಿಯೆಯು ಸ್ಥಗಿತಗೊಂಡರೂ ಕಥನವು ಸ್ಥಗಿತಗೊಂಡಿರಲಿಲ್ಲ" ಅಂತ ಮಾಡಿದೆ. ಹೆಣಕ್ಕೆ ಸೀರೆ ಉಡಿಸಿದ ಹಾಗಿದೆ. ಮೊದಲನೆಯದು ಬಟ್ಟೆ ಒಣಗಿಸುವಾಗ ಹೊಳೆದು, ಕ್ಲಿಪ್ ಬಾಯಲ್ಲಿ ಕಚ್ಚಿಕೊಂಡೇ ಒಳಗೆ ಓಡಿ ಬರೆದಿದ್ದೆ. ಅದನ್ನು ಯಾಕೆ ತಿರುಗಿಸಲಿ?

ಹಳೆಯದನ್ನೇ ವಾಪಸ್ ಹಾಕಿದೆ. ಎಲ್ಲವನ್ನೂ.

ಜೂನ್ 27
ಸಂಪಾದಕರಿಗೆ ಪತ್ರ. ಐದು ಸಲ ಬರೆದು ಐದು ಸಲ ಹರಿದೆ. ಬೈಗುಳ ಇಲ್ಲ, ಗೋಳು ಇಲ್ಲ: ಈ ವಾಕ್ಯಗಳು ನನ್ನವು, ಹೋದ ವರ್ಷದ ಮೇಲ್ ಜೊತೆಗಿದೆ, ಅದರಲ್ಲಿದ್ದ ನನ್ನ ತಪ್ಪು ಜನವರಿಯ ಪುಸ್ತಕದಲ್ಲೂ ಅಚ್ಚಾಗಿದೆ, ಇಲ್ಲಿ ತಿದ್ದಿದ್ದೇನೆ.

ಒಂದು ಪ್ರತಿ ಮೇಡಂ ಕೈಗೇ ಕೊಟ್ಟೆ. ಬೆನ್ನ ಹಿಂದೆ ಮಾಡುವುದು ಬೇಡ. ನಿಂತೇ ಓದಿದರು. "ಅಕ್ಕ" ಇಲ್ಲ ಈ ಸಲ.

"ಇದನ್ನ ಕಳಿಸಿದ್ರೆ ನಿಮ್ಮ ಥೀಸಿಸ್‌ಗೆ ಯಾರು ಸಹಿ ಹಾಕ್ತಾರೆ?"

"ನೀವೇ ಹಾಕಬೇಕು ಮೇಡಂ. ಹಾಕದಿದ್ರೆ ಬೇರೆ ಗೈಡ್ ಕೇಳ್ತೀನಿ. ಸಿಗೋ ತನಕ ಕೇಳ್ತೀನಿ."

ನಾನೇ ಅಂದದ್ದು.

ಜೂನ್ 29, ಬೆಳಿಗ್ಗೆ ಹನ್ನೊಂದು
ಫೈಲ್ ಏರಿಸಿದೆ. ಪತ್ರ ಏರಿಸಿದೆ. "ಇದು ನನ್ನ ಸ್ವಂತ ಬರಹ" ಅನ್ನುವ ಚೌಕಕ್ಕೆ ಗುರುತು. ಒತ್ತಿದೆ. ಚಕ್ರ ತಿರುಗಿತು, ತಿರುಗಿತು... ತಲುಪಿದೆ ಅಂತ ಬಂತು. ಮೂರು ಸಲ ಓದಿದೆ. ತಲುಪಿದೆ.

ಹನ್ನೊಂದೂ ಕಾಲು
ಫೋನ್. ಮೇಡಂದು. ಅತ್ತೆ ಒಳಗಿನಿಂದ, "ಎತ್ತೇ, ಕಚ್ಚಲ್ಲ!" ಎತ್ತುತ್ತೇನೆ. ಏನೇ ಅನ್ನಲಿ, ಗದರಲಿ, ಅಳಲಿ, ಅಕ್ಕ ಅನ್ನಲಿ — ಕಳಿಸಿದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳ—