ಜೀಪು ಹಿಂದೆ ಬರಬಾರದು

ಅಕ್ಟೋಬರ್ 3, ಗುರುವಾರ

ಬ್ಯಾಗ್ ಮತ್ತೆ ತುಂಬಿದೆ, ಮತ್ತೆ ಸುರಿದೆ. ಜಗಲಿಯ ತುಂಬ ಟ್ಯೂಬು, ಟೈರ್ ಲಿವರ್, ಪಂಪು, ಪ್ಲಗ್ಗು, ಕ್ಲಚ್ ಕೇಬಲ್. ಅತ್ತೆ ಸೀರೆ ಎತ್ತಿ ಹಿಡಿದು ದಾಟಿಕೊಂಡು ಹೋದರು. "ಗುಜರಿ ಅಂಗಡಿಗೆ ಬೋರ್ಡ್ ಯಾವಾಗ ಹಾಕ್ತಿ ಕವನಾ?"

ವಿಷಯ ಇಷ್ಟು. ದಸರಾ ಮುಗಿದ ಮೇಲೆ, ಕಾಫಿ ಕೊಯ್ಲು ಶುರುವಾಗುವ ಮುಂಚೆ, ಮೂರು ದಿನ ನಾನೊಬ್ಬಳೇ ಬೈಕಿನಲ್ಲಿ. ಕಳಸ, ಕುದುರೆಮುಖ, ಶೃಂಗೇರಿ, ವಾಪಸ್ ಮೂಡಿಗೆರೆ. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಹಾಗೆ ನೇರವಾಗಿ ಬೇಡ ಎನ್ನುವ ಒರಟರಲ್ಲ ನಾವು. ಮಾವ ಪೇಪರ್ ಮಡಿಸಿಟ್ಟು ಹೇಳಿದ್ದು: "ಧಾರಾಳವಾಗಿ ಹೋಗು. ಹಿಂದೆ ಜೀಪು ಬರ್ತದೆ."

ಹಿಂದೆ ಜೀಪು ಬಂದರೆ ಅದು ಟೂರ್ ಅಲ್ಲ, ದಿಬ್ಬಣ. ಹಾಗೆಂದೇ ಹೇಳಿದೆ. ಸಂಧಾನ ನಡೆಯಿತು. ದಾರಿಯಲ್ಲಿ ಏನು ಕೆಟ್ಟರೂ ಸರಿ ಮಾಡುವ ಸಾಮಾನು, ವಿದ್ಯೆ ಎರಡೂ ನನ್ನ ಹತ್ತಿರ ಇದ್ದರೆ ಜೀಪು ಶೆಡ್ಡಿನಲ್ಲೇ ಇರತಕ್ಕದ್ದು. ತೀರ್ಪುಗಾರರು ಮಾವ ಮಂಜಯ್ಯನವರು. ಗಂಡ ನಂದನ್ ತಟಸ್ಥ. ಜೀಪಿನ ಕೀ ಇರುವುದು ತಟಸ್ಥರ ಜೇಬಿನಲ್ಲಿ.

ಅಕ್ಟೋಬರ್ 5, ಶನಿವಾರ

ಸಂಜೆ ಕಾಫಿ ಜೊತೆ ಮೌಖಿಕ ಪರೀಕ್ಷೆ.

"ಚೈನ್ ಕಟ್ಟಾದ್ರೆ?"

"ಲಿಂಕ್ ಇದೆ ಮಾವ."

"ಬ್ಯಾಟರಿ ಹೋದ್ರೆ?"

"ಕಿಕ್ಕರ್ ಇದೆ."

"ಹೆಡ್‌ಲೈಟು?"

"ಕತ್ತಲಾದ ಮೇಲೆ ಓಡಿಸಲ್ಲ."

"ಕತ್ತಲು ನಿನ್ನ ಕೇಳಿ ಆಗ್ತದಾ?"

ಬಲ್ಬ್ ತಂದೆ. ಹೀಗೆ ಪ್ರಶ್ನೆಗೊಂದು ಪಾರ್ಟು. ಸ್ಪೇರ್ ಪಾರ್ಟ್ಸ್ ಅಂಗಡಿಯ ಕಲ್ಲೇಶ್ ಇವತ್ತು ಬಾಯಿಬಿಟ್ಟೇ ಹೇಳಿದ. "ಮೇಡಂ, ಇಷ್ಟು ಒಯ್ಯೋ ಬದ್ಲು ಇನ್ನೊಂದು ಬೈಕನ್ನೇ ಹಿಂದೆ ಕಟ್ಕಂಡು ಹೋಗಿ."

ಅಕ್ಟೋಬರ್ 8, ಮಂಗಳವಾರ

ಕಾಫಿ ಕಣದಲ್ಲಿ ಪ್ರಾಯೋಗಿಕ ಪರೀಕ್ಷೆ. ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಬದಲಾಯಿಸುವುದು. ಪ್ರೇಕ್ಷಕರು: ಮಾವ, ಅತ್ತೆ, ನಂದನ್, ಎರಡು ನಾಯಿ. ಹೊಸ ಟ್ಯೂಬಿಗೆ ನಾನೇ ಲಿವರ್ ಚುಚ್ಚಿ ಹೊಸ ಪಂಚರ್ ಮಾಡಿದೆ. ನಾಯಿಗಳು ಎದ್ದು ಹೋದವು. ಎರಡನೇ ಸಲ ಸರಿಯಾಯಿತು. ಮಾವ ಟೈರನ್ನು ಒತ್ತಿ ನೋಡಿ, "ಹ್ಞೂಂ" ಎಂದರು. ಅವರ ಬಾಯಲ್ಲಿ ಅದು ಫಸ್ಟ್ ಕ್ಲಾಸ್.

ಜೀಪು ಬರುವುದಿಲ್ಲ. ಎಲ್ಲರೆದುರು ಹೇಳಿದ್ದಾರೆ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಮನೆಯ ಕತ್ತಿ, ಗುದ್ದಲಿ, ಕಸಿ ಕತ್ತರಿ, ಜೀಪಿನ ಟೂಲ್ಸು, ನನ್ನ ಬ್ಯಾಗಿನ ಸರಂಜಾಮು, ಎಲ್ಲ ಒಂದೇ ಚಾಪೆಯ ಮೇಲೆ. ಎಲ್ಲಕ್ಕೂ ಕುಂಕುಮ. ಸ್ಪಾರ್ಕ್ ಪ್ಲಗ್ಗಿಗೆ ಅತ್ತೆ ಇಟ್ಟ ಬೊಟ್ಟು ನೋಡಿದರೆ ಅದಕ್ಕೆ ನಾಳೆಯೇ ಮದುವೆ.

ನಾಳೆ ವಿಜಯದಶಮಿ ಕಳೆಯುವವರೆಗೆ ಏನನ್ನೂ ಮುಟ್ಟುವಂತಿಲ್ಲ. ಆಮೇಲೆ ಮಾವನೇ ವಿಂಗಡಿಸಿ ಕೊಡುತ್ತಾರಂತೆ.

ಅಕ್ಟೋಬರ್ 19, ಶನಿವಾರ, ಸಂಜೆ

ವಾರವಿಡೀ ಮಳೆ. ಇವತ್ತು ಹೊಳವಾಯಿತು. ನಾಳೆ ಹೊರಡುವುದು.

ಬ್ಯಾಗಿನ ಜಿಪ್ ಹಾಕಲು ಬರುತ್ತಿಲ್ಲ. ಮೊಳದುದ್ದದ ಕಬ್ಬಿಣವೊಂದು ಅಡ್ಡ ಕೂತಿದೆ, ತುದಿ ಬಗ್ಗಿದ್ದು, ಬಲು ಭಾರ. ನಾನು ತಂದದ್ದಲ್ಲ. ಆನೆ ಬಂದರೆ ಓಡಿಸಲಿ ಎಂದು ಮಾವ ಸೇರಿಸಿರಬೇಕು. ಕೇಳಿದರೆ ಆನೆಯ ಮೇಲೆ ಹೊಸ ಪ್ರಶ್ನೆಪತ್ರಿಕೆ ಬರುತ್ತದೆ. ಮೆಲ್ಲಗೆ ತೆಗೆದು ಅಟ್ಟದ ಮೇಲಿಟ್ಟೆ. ಜಿಪ್ ಬಂತು.

ಅಕ್ಟೋಬರ್ 20, ಭಾನುವಾರ

ಬೆಳಗ್ಗೆ, ಕೊಟ್ಟಿಗೆಹಾರ. ನೀರುದೋಸೆ. ಬೈಕು ಆರೋಗ್ಯ, ನಾನೂ ಆರೋಗ್ಯ. ಆದರೆ ತಿರುವಿನಾಚೆ ಮರದ ಮರೆಯಲ್ಲಿ ಒಂದು ಹಸಿರು ಬಾನೆಟ್ಟು... ಹಸಿರು ಜೀಪುಗಳು ಊರಲ್ಲಿ ಬೇಕಾದಷ್ಟಿವೆ.

ಹಿರೇಬೈಲು. ನಿಂತೆ. ಅದೂ ನಿಂತಿತು. ಹೊರಟೆ. ಅದೂ ಹೊರಟಿತು. ಬಾನೆಟ್ಟಿನ ಮೇಲೆ ಅತ್ತೆ ಹಾಕಿದ ಚೆಂಡುಹೂವಿನ ಹಾರ, ಒಣಗಿದ್ದು. ಪತ್ತೇದಾರಿಕೆಗೆ ಹೊರಟವರು ಹಾರ ತೆಗೆದು ಬರಬೇಕಿತ್ತು.

ಸಿಟ್ಟು ಬಂತು. ಚೈನ್ ಲಿಂಕು, ಬಲ್ಬು, ಚುಚ್ಚಿದ ಟ್ಯೂಬು, ಎಲ್ಲ ದಂಡ. ದಿಬ್ಬಣವೇ ಆಯಿತು.

ಸಂಸೆ, ಹನ್ನೊಂದರ ಸುಮಾರು. ಕಳಸ ದಾಟಿದ ಮೇಲೆ ಕನ್ನಡಿ ಖಾಲಿ. ಟೀ ಕುಡಿದೆ. ಇನ್ನೂ ಖಾಲಿ. ಬೇಕೆಂದದ್ದು ಇದೇ. ಇನ್ನೊಂದು ಟೀ ಕುಡಿದೆ. ಮಾವ, ನಂದನ್ ಇಬ್ಬರ ಫೋನೂ ಸಿಗುತ್ತಿಲ್ಲ. ಹಿಂದೆ ಹೋಗಿ ನೋಡಬೇಕು. ಥೂ.

ಸಂಸೆ, ಮಧ್ಯಾಹ್ನ. ಆದದ್ದನ್ನು ಬರೆದಿಡಬೇಕು.

ಎರಡು ತಿರುವು ಹಿಂದೆ ಜೀಪು ಒಂದು ಕಡೆ ವಾಲಿ ನಿಂತಿತ್ತು. ಮುಂದಿನ ಚಕ್ರ ಪಂಚರ್. ನಂದನ್ ಚಕ್ರ ನೋಡುತ್ತಿದ್ದ. ಮಾವ ಗುಡ್ಡ ನೋಡುತ್ತಿದ್ದರು.

"ನೀವೆಂಥ ಮಾವ ಇಲ್ಲಿ?"

"ಸಂಸೇಲಿ ಒಳ್ಳೆ ಅಡಿಕೆ ಸಸಿ ಸಿಗ್ತದಂತೆ."

"ಹೌದಾ. ಸ್ಟೆಪ್ನಿ ಇಲ್ವಾ?"

"ಸ್ಟೆಪ್ನಿ ಇದೆ, ಜಾಕ್ ಇದೆ" ಎಂದ ನಂದನ್. "ನಟ್ ಬಿಚ್ಚೋ ವೀಲ್ ಸ್ಪ್ಯಾನರ್ ಇಲ್ಲ ಮಾರಾಯ್ತಿ. ಇಷ್ಟುದ್ದ, ತುದಿ ಬಗ್ಗಿರ್ತದಲ್ಲ. ಅಪ್ಪ ಪೂಜೆ ಸಾಮಾನು ವಿಂಗಡಿಸುವಾಗ ನಿನ್ನ ಬ್ಯಾಗಿಗೆ ಹಾಕಿರ್ಬೇಕು. ತೆಗಿ ತೆಗಿ."

ಆಯುಧವು ಅಟ್ಟದ ಮೇಲೆ ವಿಶ್ರಾಂತಿಯಲ್ಲಿದೆ ಎಂದು ತಿಳಿಸಿದೆ. ಯಾರೂ ಯಾರನ್ನೂ ಬೈಯುವ ಸ್ಥಿತಿಯಲ್ಲಿರಲಿಲ್ಲ. ವಿಂಗಡಿಸಿದವರು ಅವರು, ತೆಗೆದವಳು ನಾನು, ಬರಬಾರದ ಕಡೆ ಬಂದವರು ಮತ್ತೆ ಅವರು.

ಸಂಸೆಯಲ್ಲಿ ಟ್ರೆಕ್ಕಿಂಗಿನವರನ್ನು ಗುಡ್ಡಕ್ಕೆ ಒಯ್ಯುವ ಜೀಪುಗಳಿರುತ್ತವೆ. ಅಲ್ಲಿ ಮಾವನಿಗೆ ಗುರುತಿನವರಿದ್ದಾರೆ, ನನಗಿಲ್ಲ. ಮಾವ ಬೈಕನ್ನು ನೋಡಿದರು. ಜೀಪನ್ನು ನೋಡಿದರು. ಪಂಚೆ ಎತ್ತಿ ಕಟ್ಟಿ ನನ್ನ ಹಿಂದೆ ಹತ್ತಿ ಕೂತರು. ತಿರುವಿನಲ್ಲಿ ಮಾತ್ರ ನನ್ನ ಭುಜ ಹಿಡಿದರು.

ಜೀಪಿನ ಜಯಪ್ರಕಾಶ್ ಬಾಯಿಯ ಎಲೆಅಡಿಕೆ ಉಗಿದು ಬಂದ. "ಎಂಥ ಗೌಡ್ರೇ, ಜೀಪ್ ಬಿಟ್ಟು ಸೊಸೆ ಬೈಕಲ್ಲಿ?"

"ಜೀಪ್ ನಂಬೋ ಹಾಗಿಲ್ಲ ಮಾರಾಯ ಈಗ" ಎಂದರು ಮಾವ, ಗಂಭೀರವಾಗಿ.

ವಾಪಸ್ ಬರುವಾಗ ವೀಲ್ ಸ್ಪ್ಯಾನರನ್ನು ಗದೆಯಂತೆ ಹೆಗಲಿಗೇರಿಸಿದ್ದರು. ಎದುರು ಬಂದ ಬಸ್ಸಿನವರು ಕೈ ಮುಗಿದರು, ಅಥವಾ ನನಗೆ ಹಾಗನ್ನಿಸಿತು. ಚಕ್ರ ಕೂತಿತು. ಈಗ ಸ್ಪ್ಯಾನರನ್ನು ಸಂಸೆಗೆ ಮುಟ್ಟಿಸಬೇಕು. ನಂದನ್ ತಕ್ಷಣ, "ನಾವೇ ಕೊಟ್ಟು ಬರ್ತೀವಿ, ಹೇಗೂ ಆ ಕಡೆಗೇ..." ಎಂದ.

ಮಾವ ಸ್ಪ್ಯಾನರನ್ನು ನನ್ನ ಬ್ಯಾಗಿನ ಮೇಲಿಟ್ಟು, ರಬ್ಬರ್ ಟ್ಯೂಬಿನಿಂದ ತಾವೇ ಬಿಗಿದರು. ಎಳೆದು ನೋಡಿದರು.

"ಅವಳು ಕೊಟ್ಟು ಹೋಗ್ತಾಳೆ. ನೀನು ಜೀಪ್ ತಿರುಗಿಸು."

"ಅಪ್ಪ, ಅಡಿಕೆ ಸಸಿ?"

"ತಿರುಗಿಸು ಅಂದೆ."

ಕೊಟ್ಟಾಯಿತು. ಹೊರಟೆ.

ಕುದುರೆಮುಖದ ಹತ್ತಿರ, ಹೊತ್ತು ಇಳಿದಿದೆ

ನೆಟ್‌ವರ್ಕ್ ಇಲ್ಲ. ಕನ್ನಡಿಯಲ್ಲಿ ರಸ್ತೆ ಮಾತ್ರ. ಆದರೂ ತಿರುವಿಗೊಮ್ಮೆ ನೋಡಿಕೊಂಡು ಬಂದೆ, ಹಾರ ಹಾಕಿದ ಹಸಿರು ಬಾನೆಟ್ಟು ಇದೆಯೇ ಎಂದು. ಇಲ್ಲ. ಖುಷಿಯಾಯಿತು. ಸ್ವಲ್ಪ ಬೇಜಾರೂ ಆಯಿತು ಎಂದು ಬರೆದರೆ ತಪ್ಪಿಲ್ಲ, ಓದುವವರಾರು?

ಈಗ ಎಂಜಿನ್ ಆಫ್ ಮಾಡಿ ಕೂತಿದ್ದೇನೆ. ಮುಂದೆ, ರಸ್ತೆಯ ನಟ್ಟನಡುವೆ, ಒಂದು ಕಾಟಿ, ಕಾಡುಕೋಣ. ನಮ್ಮ ಜೀಪಿನಷ್ಟೇ ಇದೆ. ಇದರ ಬಗ್ಗೆ ಮಾವ ಏನೂ ಕೇಳಿರಲಿಲ್ಲ. ಬ್ಯಾಗಿನಲ್ಲಿ ಇದಕ್ಕೆ ಯಾವ ಪಾರ್ಟೂ ಇಲ್ಲ. ಅದು ನನ್ನನ್ನು ನೋಡುತ್ತಿದೆ. ನಾನು ಬರೆಯುತ್ತಿದ್ದೇನೆ. ಇಬ್ಬರಿಗೂ ಅವಸರವಿಲ್ಲ. ಈಗ ಅದು ತಲೆ ತಗ್ಗಿಸಿ ಒಂದು ಹೆಜ್ಜೆ ನನ್ನ ಕಡೆಗೇ...