ನೂರ ನಲವತ್ತು ಬುಷ್

ನೆಲಗದರನಹಳ್ಳಿ
21ನೇ ನವೆಂಬರ್ 1979, ಬುಧವಾರ

ಚಿರಂಜೀವಿ ರಾಮಾಂಜಿಗೆ,

ನಿನ್ನ ಚಿಕ್ಕಬೈರಪ್ಪಣ್ಣ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಹಾಗೆ ಬರೆಯುವುದು ಪದ್ಧತಿ. ನಿನ್ನ ಹೆಂಡತಿ ಭಾಗ್ಯಮ್ಮ ಮತ್ತು ಮಗು ಮಾತ್ರ ನಿಜವಾಗಿಯೂ ಚೆನ್ನಾಗಿದ್ದಾರೆ. ಮಗುವಿಗೆ ಕೆಳಗಡೆ ಎರಡು ಹಲ್ಲು ಬಂದಿವೆ, ಎತ್ತಿಕೊಂಡವರ ಬೆರಳನ್ನೆಲ್ಲ ಕಚ್ಚುತ್ತದೆ. ಇಲ್ಲಿ ಅವರೆಕಾಯಿ ಶುರುವಾಗಿದೆ. ನಮ್ಮ ಪಿಳ್ಳಮ್ಮ ಹಿತಕಿದ ಬೇಳೆ ಸಾರು ಮಾಡಿದಾಗಲೆಲ್ಲ, ಪಾಪ ಆ ಜರ್ಮನಿ ದೇಸದಾಗೆ ರಾಮಾಂಜಿ ಅದೇನ್ ತಿಂತಾನೋ ಎಂದು ಒಂದು ಸಲ ಕೊರಗಿ ಆಮೇಲೆಯೇ ನನಗೆ ಬಡಿಸುತ್ತಾಳೆ.

ಈ ಕಾಗದವನ್ನು ಜಗಲಿಯ ಮೇಲೆ ಕೂತು ಬೆಳಗಿನ ಹತ್ತು ಗಂಟೆಗೆ ಬರೆಯುತ್ತಿದ್ದೇನೆ. ಬುಧವಾರ ಹತ್ತು ಗಂಟೆಗೆ ಇವನಿಗೇನು ಜಗಲಿ ಕೆಲಸ ಎಂದು ಕೇಳಬೇಡ. ಮೈ ಸರಿಯಿರಲಿಲ್ಲ, ಮನೆಯಲ್ಲಿದ್ದೇನೆ ಅಷ್ಟೆ.

ನಿನ್ನ ಕಾಗದವನ್ನು ಪಿಳ್ಳಮ್ಮನಿಗೂ ಭಾಗ್ಯಮ್ಮನಿಗೂ ಜೋರಾಗಿ ಓದಿ ಹೇಳಿದೆ. ಅಲ್ಲಿ ಬೆಳಿಗ್ಗೆ ಏಳಕ್ಕೆ ಮೆಷಿನ್ ಹಿಡಿದರೆ ಮೂರೂವರೆಗೆ ಕೈ ತೊಳೆಯುತ್ತಾರಂತೆ. ಶನಿವಾರ, ಭಾನುವಾರ ಎರಡೂ ದಿನ ಬಾಗಿಲು ಮುಚ್ಚಿರುತ್ತದಂತೆ. ವರ್ಷಕ್ಕೆ ಆರು ವಾರ ರಜೆ, ಅದಕ್ಕೂ ಸಂಬಳ. ನಾವು ವಾರಕ್ಕೆ ಆರು ದಿನ ದುಡಿದು, ಮೇಲೆ ಓ.ಟಿ. ಮಾಡಿ, ಸುಮಾರು ಎರಡು ವರ್ಷದಲ್ಲಿ ಕಾಣುವ ಹಣವನ್ನು ಅಲ್ಲಿಯ ಲೇತಿನವನು ಒಂದೇ ತಿಂಗಳಿಗೆ ಎಣಿಸಿಕೊಳ್ಳುತ್ತಾನೆ ಎಂದು ಬರೆದಿದ್ದೀಯ. ಸಂಬಳದ ಮಾತನ್ನು ಪಿಳ್ಳಮ್ಮ ಹೇಗೋ ನಂಬಿದಳು. ಆರು ವಾರದ ರಜೆಯನ್ನು ಮಾತ್ರ ಏನು ಮಾಡಿದರೂ ನಂಬಲಿಲ್ಲ. ಮನೇಲಿ ಕುಂತೋನಿಗೂ ಸಂಬ್ಳ ಕೊಡೋಕೆ ಅದೇನು ಅವರ ಮಾವನ ಮನೆಯಾ ಎಂದಳು. ಭಾಗ್ಯಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ನೀನು ಹೋದ ಮೇಲೆ ಆ ಹುಡುಗಿ ಅಷ್ಟು ನಕ್ಕಿದ್ದು ಅವತ್ತೇ.

ಒಂದು ಭಾಗವನ್ನು ಮಾತ್ರ ನಾನು ಅವರಿಗೆ ಓದಲಿಲ್ಲ. ಅದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು.

ನೀನು ಬರೆದದ್ದು ಹೀಗೆ. ಕಂಪನಿ ನನ್ನನ್ನು ಕಲಿಯಲು ಕಳಿಸಿದ ಆ ಹೊಸ ಮೆಷಿನ್ನಿನಲ್ಲಿ ಅವರು ಒಂದು ಪಾಳಿಗೆ ನೂರು ಹಿತ್ತಾಳೆ ಬುಷ್ ಕಡೆದು ತೆಗೆಯುತ್ತಾರೆ, ನಾನು ನೂರ ನಲವತ್ತು ತೆಗೆದೆ ಅಣ್ಣ, ಪೀಣ್ಯದವರ ಕೈ ಎಂಥದ್ದು ಎಂದು ತೋರಿಸಿದೆ. ಆಮೇಲೆ ಪಕ್ಕದ ಮೆಷಿನ್ನಿನ ಮುದುಕ ಬಂದು ನಿನ್ನ ಕೈ ಮೇಲೆ ಕೈ ಇಟ್ಟು ನಿಧಾನ ನಿಧಾನ ಎಂಬಂತೆ ತಟ್ಟಿದನೆಂದೂ, ನೀನು ಕೇಳದೆ ಹೋದದ್ದಕ್ಕೆ ಈಗ ಊಟಕ್ಕೂ ದೂರ ಹೋಗಿ ಕೂರುತ್ತಾನೆಂದೂ ಬರೆದಿದ್ದೀಯ. ಹೊಟ್ಟೆಕಿಚ್ಚು ಅಲ್ಲವಾ ಅಣ್ಣ, ನಾನು ಮಾಡಿದ್ದು ಸರಿ ತಾನೆ ಎಂದು ಕೇಳಿದ್ದೀಯ.

ಅಯ್ಯೋ ರಾಮಾಂಜಿ. ನೀನು ಲೇತಿಗೆ ಬಂದ ಮೊದಲ ದಿನ ಟೂಲ್ ಹಿಡಿಯುವುದಕ್ಕಿಂತ ಮುಂಚೆ ನಿನಗೆ ಹೇಳಿಕೊಟ್ಟದ್ದು ಏನು? ಕೆಲಸದ ವೇಗ ಅಳೆಯುವ ಗಡಿಯಾರದವನು ಬಂದು ಬೆನ್ನ ಹಿಂದೆ ನಿಂತರೆ ಕೈ ಸ್ವಲ್ಪ ಭಾರ ಮಾಡಿಕೋ ಎಂದಲ್ಲವೇ? ಅವನು ಅವತ್ತು ಬರೆದುಕೊಂಡ ಲೆಕ್ಕವೇ ನಾಳೆಯಿಂದ ಎಲ್ಲರ ಲೆಕ್ಕ. ಚುರುಕಿನವನು ಒಬ್ಬ ಓಡಿದರೆ ಮಂಡಿನೋವಿನವನೂ ಹಿಂದೆ ಓಡಬೇಕು. ಇದು ಸೋಮಾರಿತನವಲ್ಲ, ಪಕ್ಕದವನ ಅನ್ನಕ್ಕೆ ಕಲ್ಲು ಹಾಕಬಾರದೆಂಬ ಮಾತು. ಇಲ್ಲಿ ನೀನು ಅದನ್ನು ಒಂದು ದಿನವೂ ಮೀರಿದವನಲ್ಲ. ಆ ಮುದುಕ ನಿನಗೆ ಹೇಳಿದ್ದೂ ಅದನ್ನೇ. ಭಾಷೆ ಬೇರೆ, ಅಷ್ಟೆ.

ಆದರೆ ನಿನ್ನನ್ನು ಏನೆಂದು ಬೈಯಲಿ? ಗೇಟಿನ ಮುಂದೆ ಹಾರ ಹಾಕಿ, ನಮ್ ಮಾನ ಉಳಿಸ್ಕೊಂಡು ಬಾ ಮಗಾ ಎಂದು ಕಳಿಸಿದವರು ನಾವೇ. ನೀನು ಉಳಿಸಿದೆ. ಅಲ್ಲಿಯೂ ಒಬ್ಬ ಗಡಿಯಾರದವನು ಇರುತ್ತಾನೆಂದು ನಿನಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಆಮೇಲೆ ಇಲ್ಲಿ ಏನಾಯಿತೆಂದು ನಿನಗೆ ತಿಳಿಯಬೇಕು. ಅಲ್ಲಿಯ ಕಂಪನಿಯವರು ನಮ್ಮ ಮ್ಯಾನೇಜರಿಗೆ ನಿನ್ನನ್ನು ಹೊಗಳಿ ಬರೆದರು. ನಿನ್ನ ಫೋಟೋ ನೋಟೀಸ್ ಬೋರ್ಡಿಗೆ ಬಂತು, ಕೆಳಗೆ ದಪ್ಪ ಅಕ್ಷರದಲ್ಲಿ ನೂರ ನಲವತ್ತು. ನಾವೆಲ್ಲ ಚಪ್ಪಾಳೆ ಹೊಡೆದೆವು. ಭಾಗ್ಯಮ್ಮ ಊರಿಗೆಲ್ಲ ಸಕ್ಕರೆ ಹಂಚಿದಳು. ನಾನೂ ಬಾಯಿ ತುಂಬ ತಿಂದೆ.

ಒಂದು ವಾರ ಕಳೆಯಿತು. ಅದೇ ಬೋರ್ಡಿನ ಮೇಲೆ, ನಿನ್ನ ಫೋಟೋದ ಪಕ್ಕದಲ್ಲೇ, ಇನ್ನೊಂದು ನೋಟೀಸು ಬಂತು. ಹೊಸ ಮೆಷಿನ್ನುಗಳು ಹಡಗಿನಲ್ಲಿ ಬರುತ್ತಿವೆ, ಅವು ಬಂದ ಮೇಲೆ ಪಾಳಿಗೆ ನೂರ ನಲವತ್ತು ಕೊಡಬೇಕು. ಬರುವ ತನಕ ಈಗಿನ ಲೇತುಗಳಲ್ಲೇ ಅರವತ್ತರ ಬದಲು ತೊಂಬತ್ತು. ಯಾರ ಕೈಲಿ ಆಗುತ್ತದೆ, ಯಾರ ಕೈಲಿ ಆಗುವುದಿಲ್ಲ ಎಂದು ಒಬ್ಬೊಬ್ಬರನ್ನೇ ಗಡಿಯಾರ ಇಟ್ಟು ನೋಡುತ್ತೇವೆ, ಆಗದವರ ಲೆಕ್ಕ ಚುಕ್ತಾ ಮಾಡುತ್ತೇವೆ ಎಂದು ಬರೆದಿತ್ತು.

ಯೂನಿಯನ್ನಿನ ದಾಸಪ್ಪ ನಮ್ಮನ್ನು ಕರೆದುಕೊಂಡು ಮ್ಯಾನೇಜರ ರೂಮಿಗೆ ಹೋದ. ದಾಸಪ್ಪನ ಬಾಯಿ ನಿನಗೆ ಗೊತ್ತಲ್ಲ. ಸಾರ್, ಜರ್ಮನಿ ಲೆಕ್ಕ ಕೇಳ್ತೀರ, ಕೊಡೋಣ, ಅಂಗೇ ಜರ್ಮನಿ ಸಂಬಳಾನೂ ಕೊಡಿ, ಮೂರೂವರೆಗೆ ಮನೆಗೂ ಕಳ್ಸಿ ಎಂದ. ಮ್ಯಾನೇಜರು ಕೋಪ ಮಾಡಿಕೊಳ್ಳಲಿಲ್ಲ. ಅದು ಚಳಿ ದೇಶ ಕಣ್ರೀ, ಅಲ್ಲಿ ಬದುಕೋಕೆ ಖರ್ಚು ಜಾಸ್ತಿ, ಅದಕ್ಕೆ ಸಂಬಳ ಜಾಸ್ತಿ ಎಂದರು. ಇಲ್ಲಿ ಬಿಸಿಲು ಸಾರ್, ಅದಕ್ಕೇನು ಕೊಡ್ತೀರ ಎಂದ ದಾಸಪ್ಪ. ಎಲ್ಲರೂ ನಕ್ಕರು, ಮ್ಯಾನೇಜರೂ ನಕ್ಕರು. ನಗು ಮುಗಿದ ಮೇಲೆ ನೋಟೀಸು ಇದ್ದ ಹಾಗೆಯೇ ಇತ್ತು.

ಮ್ಯಾನೇಜರು ಕೆಟ್ಟವರೇನಲ್ಲ ರಾಮಾಂಜಿ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಕಲ್ಲಾದರೂ ಎತ್ತಿಕೊಳ್ಳಬಹುದಿತ್ತು. ನಿಮ್ಮ ಹುಡುಗನೇ ಮಾಡಿ ತೋರ್ಸಿದಾನಲ್ಲಪ್ಪ, ನಾನೇನು ಸುಳ್ಳು ಲೆಕ್ಕ ಹೇಳ್ತಿದೀನಾ ಎಂದು ಕೇಳಿದರು. ಹೊಸ ಮೆಷಿನ್ನು ಬೇರೆ, ನಮ್ಮ ಹಳೆಯ ಲೇತು ಬೇರೆ, ಇಪ್ಪತ್ತೈದರ ಕೈ ಬೇರೆ, ಐವತ್ತರ ಕೈ ಬೇರೆ ಎನ್ನಬೇಕೆಂದು ನನಗೆ ಹೊಳೆದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

ಪರೀಕ್ಷೆ ಹೋದ ವಾರ ಮುಗಿಯಿತು. ಹುಡುಗರು ಹೇಗೋ ದಾಟಿದರು. ಗಡಿಯಾರದವನ ಮುಂದೆ ಕೈ ಭಾರ ಮಾಡುವ ಪದ್ಧತಿಯೆಲ್ಲ ಒಂದೇ ದಿನಕ್ಕೆ ಹೋಯಿತು. ಪ್ರತಿಯೊಬ್ಬನೂ ಪಕ್ಕದವನನ್ನು ನೋಡದೆ ತನ್ನ ಪಾಡಿಗೆ ತಾನು ಬಡಿದುಕೊಂಡ. ಅವರನ್ನು ನೋಡುತ್ತ ನನಗೆ ಅಳು ಬಂತು, ಹೇಳಲು ನಾಚಿಕೆಯೇನಿಲ್ಲ. ನನ್ನ ಸರದಿಯೂ ಆಯಿತು. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ನನ್ನ ಚಿಂತೆ ನಿನಗೆ ಬೇಡ, ಎರಡು ಎಮ್ಮೆ ಇವೆ, ಕಾರ್ಖಾನೆಗೆ ಹೋದ ಹೊಲದ ಪಕ್ಕದ ತುಂಡು ಇನ್ನೂ ನಮ್ಮದೇ.

ಈಗ ನೀನು ಕೇಳಿದ ಮಾತಿಗೆ ಬರುತ್ತೇನೆ. ಸರಿ ಮಾಡಿದೆಯಾ, ತಪ್ಪು ಮಾಡಿದೆಯಾ? ಸರಿ ಎಂದರೆ ಸುಳ್ಳಾಗುತ್ತದೆ. ತಪ್ಪು ಎಂದು ಬರೆಯಲು ನನಗೆ ಬಾಯಿಯೂ ಇಲ್ಲ, ಕೈಯೂ ಇಲ್ಲ. ಇನ್ನು ಮೇಲೆ ನಿಧಾನ ಮಾಡು ಎನ್ನೋಣವೆಂದರೆ, ಮೊದಲು ಮಾಡಿದವನು ಈಗ ಮೈಗಳ್ಳನಾದ ಎನ್ನುತ್ತಾರೆ, ನಿನ್ನ ಹೆಸರು ಕೆಡುತ್ತದೆ. ಹಾಗೇ ಓಡು ಎನ್ನೋಣವೆಂದರೆ ಆ ಮುದುಕನ ಗತಿ ಏನು? ಅವನಿಗೂ ಮನೆಯಲ್ಲಿ ಒಬ್ಬ ಪಿಳ್ಳಮ್ಮ ಇರುತ್ತಾಳೆ. ಸಂಬಳ ಜಾಸ್ತಿ ಇರುವವನಿಗೆ ಕೆಲಸ ಹೋದರೆ ನೋವು ಕಡಿಮೆಯಾಗುತ್ತದೆಯೇ, ನನಗೆ ಗೊತ್ತಿಲ್ಲ. ಎಂಟು ದಿನದಿಂದ ಯೋಚನೆ ಮಾಡಿದೆ. ನಿನಗೆ ಹೇಳುವ ದಾರಿ ಒಂದೂ ತೋಚಲಿಲ್ಲ, ಮಗಾ.

ಒಂದು ಕೆಲಸ ಮಾತ್ರ ಮಾಡು. ಭಾಗ್ಯಮ್ಮ ಕಟ್ಟಿಕೊಟ್ಟ ಹುಚ್ಚೆಳ್ಳು ಚಟ್ನಿಪುಡಿ ಇನ್ನೂ ಉಳಿದಿದ್ದರೆ, ಊಟದ ಹೊತ್ತಿಗೆ ಆ ಮುದುಕನ ಪಕ್ಕ ಹೋಗಿ ಕೂತು ಅವನ ರೊಟ್ಟಿಗೆ ಸ್ವಲ್ಪ ಹಾಕು. ಎದ್ದು ಹೋದರೆ ಹೋಗಲಿ, ಮಾರನೆಯ ದಿನ ಮತ್ತೆ ಹೋಗಿ ಕೂರು. ಇದರಿಂದ ಯಾವ ಲೆಕ್ಕವೂ ಬದಲಾಗುವುದಿಲ್ಲ, ನನಗೂ ಗೊತ್ತು. ಆದರೂ ಹಿರಿಯನೊಬ್ಬ ನಿನ್ನ ಮೇಲೆ ಬೇಸರ ಇಟ್ಟುಕೊಂಡು ಊಟ ಮಾಡುವುದು ನನಗೆ ಸಹಿಸಲಾಗುವುದಿಲ್ಲ.

ಊರಿಗೆ ಬಂದ ಮೇಲೆ ಹುಡುಗರು ಯಾರಾದರೂ ಮುಖ ತಿರುಗಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಭಾಗ್ಯಮ್ಮನಿಗೆ ಈ ನೋಟೀಸಿನ ವಿಷಯ ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಅವಳಿಗೆ ನೀನು ಜರ್ಮನಿಯವರನ್ನು ಗೆದ್ದ ಗಂಡ, ಹಾಗೇ ಇರಲಿ. ಚಳಿಗೆ ಕಿವಿ ಕಟ್ಟಿಕೊಂಡು ಓಡಾಡು.

ಇಂತಿ ನಿನ್ನ ಒಳ್ಳೆಯದನ್ನೇ ಬಯಸುವ ಅಣ್ಣ,
ಚಿಕ್ಕಬೈರಪ್ಪ

ವಿ.ಸೂ.: ಮುಂದಿನ ಕಾಗದವನ್ನು ಕಾರ್ಖಾನೆಯ ವಿಳಾಸಕ್ಕೆ ಹಾಕಬೇಡ, ಮನೆಗೇ ಹಾಕು. ಸೋಮವಾರದಿಂದ ನನ್ನ ಹೆಸರಿಗೆ ಬಂದದ್ದನ್ನು ಗೇಟಿನಲ್ಲಿ ತೆಗೆದುಕೊಳ್ಳುತ್ತಿಲ್ಲ.