ಮೂಲೆಯ ಕುರ್ಚಿಯಿಂದ ಕಂಡ ಚೌಕ

ಆಗಸ್ಟ್ 5, ಸೋಮವಾರ. ಸಂಜೆ 6

ಕೂಡಿರುವ ಸಮಸ್ತ ಸಭಿಕರೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ನಿಂತು ಕತ್ತು ಉದ್ದ ಮಾಡಿರುವವರೇ — ಯಾರೂ ಇಲ್ಲ. ಗೊತ್ತು. ಕೋಣೆಯಲ್ಲಿ ನಾನು, ಮೇಜು, ರಟ್ಟಿನ ಚೂರುಗಳು. ಆದರೂ ಹೀಗೆ ಕೂಗದೆ ಪೆನ್ನು ಹೊರಡುವುದಿಲ್ಲ. ನಾಟಕದ ಪರದೆಯ ಹಿಂದೆ ಬೆಳೆದವನ ಚಾಳಿ.

ಇಂದು ಏಳನೇ ತರಗತಿಗೆ ಸ್ಕೇಲ್ ಕಾಪಿ, ಎರಡನೇ ದಿನ. ಆಕೃತಿ ಹಿಗ್ಗಲಿ, ಕುಗ್ಗಲಿ — ಬದಿಗಳೆಲ್ಲ ಒಂದೇ ಸಂಖ್ಯೆಯಿಂದ ಗುಣಿಸಿರಬೇಕು, ಕೋನಗಳು ಕದಲಬಾರದು. ಇಷ್ಟೇ. ಹಿಂದಿನ ಬೆಂಚಿನ ಲಾಯರು ಎದ್ದ. ಎಲ್ಲದಕ್ಕೂ ವಾದ ಹೂಡುವ ಹುಡುಗ, ಹೆಸರು ನಾನಿಟ್ಟದ್ದು. ಒಂದಕ್ಕೆ ಮೂರರ ಆಯತವನ್ನು ಮೂರಕ್ಕೆ ಐದು ಮಾಡಿ ತಂದಿದ್ದಾನೆ.

“ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಸೇರಿಸಿದೀನಿ ಸಾರ್. ಯಾರಿಗೂ ಅನ್ಯಾಯ ಆಗಿಲ್ಲ.”

“ರಾಜನ ಎತ್ತರಕ್ಕೊಂದು ಅಡಿ ಸೇರಿಸು, ಅವನ ಮೂಗಿಗೂ ಒಂದು ಅಡಿ. ನ್ಯಾಯ ಆಯ್ತೇನೋ?”

ಅಡಿಯುದ್ದ ಮೂಗಿನ ರಾಜನಾಗಿ ಬಾಗಿಲಿನಿಂದ ಬೋರ್ಡಿನವರೆಗೆ ನಡೆದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಲಾಯರು ಗುಣಾಕಾರಕ್ಕೆ ಒಪ್ಪಿಕೊಂಡ.

ನಾಳೆ ಪರೀಕ್ಷೆ. ಬೋರ್ಡಿನ ಮೇಲೆ ಅಳತೆ ಬರೆದ ಹತ್ತು ಚಾರ್ಟು. ಪ್ರತಿ ಮಗುವಿನ ಕೈಗೆ ರಟ್ಟಿನ ಹತ್ತು ಪುಟ್ಟ ಆಕೃತಿ. ಇದು ಅದರ ಕಾಪಿ ಹೌದೋ, ಅಲ್ಲವೋ? ಮೂವತ್ತೆಂಟು ಮಕ್ಕಳು, ಮುನ್ನೂರ ಎಂಬತ್ತು ತುಂಡು. ಹೆಂಡತಿ ಕತ್ತರಿ ಕೆಳಗಿಟ್ಟು ಎದ್ದುಹೋದಳು. “ಮುಂದಿನ ಪಾಠ ಬಾಯಲ್ಲೇ ಮಾಡಿ. ಹೇಗೂ ಅದು ದೊಡ್ಡದಿದೆ.”

ಆಗಸ್ಟ್ 6

ಎರಡನೇ ಬೆಂಚಿನ ನಡುವೆ ಕೂರುವ ಹುಡುಗಿ. ಹತ್ತಕ್ಕೆ ನಾಲ್ಕು ದಾಟಿದವಳಲ್ಲ. ಇವತ್ತು ಹತ್ತಕ್ಕೆ ಹತ್ತು. ಹಾಳೆಯಲ್ಲಿ ಒಂದು ಭಾಗಾಕಾರವಿಲ್ಲ. ಸ್ಕೇಲು ಮುಟ್ಟಿದ ಗುರುತಿಲ್ಲ.

ಎಬ್ಬಿಸಿ ನಿಲ್ಲಿಸಿದೆ. ಎಲ್ಲರ ಮುಂದೆ, ನಾಟಕದ ಕೊನೆಯ ಅಂಕದ ದನಿಯಲ್ಲಿ ಗುಡುಗಿದೆ. “ಯಾರ ಹಾಳೆ ನೋಡಿ ಬರೆದೆ?” ಬಾಯಿ ತೆರೆದಳು. ಅಷ್ಟರಲ್ಲಿ ನಾನು ಮುಂದಿನ ಮಾತಿಗೆ ಹೋಗಿದ್ದೆ. ಬಾಯಿ ಮುಚ್ಚಿದಳು.

ಹೆಡ್‌ಮಿಸ್‌ಗೆ ಹೇಳಿಯೂ ಆಯಿತು.

ಆಗಸ್ಟ್ 7. ಮಧ್ಯಾಹ್ನ

ಮರುಪರೀಕ್ಷೆ. ಯಾರ ಹಾಳೆಯೂ ಕಾಣದಂತೆ, ಮೂಲೆಯಲ್ಲಿ, ಬೋರ್ಡಿರುವ ಗೋಡೆಯ ಸಮೀಪವೇ ಒಂಟಿ ಕುರ್ಚಿ. ಹೊಸ ಚಾರ್ಟು, ಹೊಸ ತುಂಡು. ಬಂದದ್ದು ಮೂರು.

“ಇನ್ನೇನು ಸಾಕ್ಷಿ ಬೇಕು ಸಾರ್?” ಎಂದರು ಹೆಡ್‌ಮಿಸ್. ಮೊದಲ ಪರೀಕ್ಷೆಗೆ ಸೊನ್ನೆ. ನಕಲು ಮಾಡಿದಳೆಂದು ಪತ್ರ, ಶಾಲೆಯ ಫೈಲಿಗೆ. ಸೋಮವಾರ ಅಪ್ಪ ಬಂದು ಸಹಿ ಹಾಕಬೇಕು.

ಹುಡುಗಿ ಆಡಿದ್ದು ಒಂದೇ ಮಾತು: “ಅಲ್ಲಿ ಕೂತ್ರೆ ಸರಿಯಾಗಲ್ಲ ಸಾರ್.”

ಸಿಕ್ಕಿಬಿದ್ದವರೆಲ್ಲ ಹೀಗೇ ಅನ್ನುತ್ತಾರೆ ಎಂದುಕೊಂಡೆ.

ಆಗಸ್ಟ್ 9

ಹುಡುಗಿ ಎರಡು ದಿನದಿಂದ ಬಂದಿಲ್ಲ.

ಆಗಸ್ಟ್ 11, ಭಾನುವಾರ. ಮಧ್ಯಾಹ್ನ 3

ಮರುಪರೀಕ್ಷೆಯ ಹಾಳೆಯಲ್ಲಿ ಅವಳ ತಪ್ಪುಗಳನ್ನೇ ನೋಡುತ್ತ ಕೂತೆ. ವಿಚಿತ್ರ. ನಿಜವಾದ ಕಾಪಿ ಆರು — ಆರಕ್ಕೂ ‘ಅಲ್ಲ’. ಕಾಪಿ ಅಲ್ಲದ್ದು ನಾಲ್ಕು. ಮೂರಕ್ಕೆ ‘ಅಲ್ಲ’, ಸರಿ. ಒಂದಕ್ಕೆ ಮಾತ್ರ ‘ಹೌದು’. ಯಾವುದಕ್ಕೆ? ಬೇಕೆಂದೇ ನಾನು ಅಗಲ ಹೆಚ್ಚಿಸಿದ ಏಳನೆಯ ಚಾರ್ಟಿಗೆ. ಊಹೆ ಹೊಡೆದವರು ಇಷ್ಟು ಅಚ್ಚುಕಟ್ಟಾಗಿ ತಪ್ಪುವುದಿಲ್ಲ…

ಅರ್ಧ ಊಟಕ್ಕೇ ಕೈ ತೊಳೆದೆ. “ಭಾನುವಾರಾನೂ ಪ್ರದರ್ಶನ ಇದೆಯಾ?” ಎಂದಳು ಹೆಂಡತಿ. ಶಾಲೆಗೆ ಹೋದೆ. ವಾಚ್‌ಮನ್ ಬೀಗ ತೆಗೆದ. ಮೂಲೆಯ ಕುರ್ಚಿಯಲ್ಲಿ ಕೂತು, ಬೋರ್ಡಿನಲ್ಲಿ ಇನ್ನೂ ತೂಗುತ್ತಿದ್ದ ಚಾರ್ಟುಗಳನ್ನು ನೋಡಿದೆ.

ಚೌಕ ಚೌಕವಾಗಿಲ್ಲ. ಓರೆಯಿಂದ ಅಗಲ ಸೊರಗಿದೆ. ಏಳನೆಯದು ಹಿಗ್ಗಿದ್ದೆಲ್ಲ ಕುಗ್ಗಿ ಸರಿಹೋಗಿದೆ. ಚಿಕ್ಕಂದಿನಲ್ಲಿ ರಂಗದ ಪಕ್ಕದ ಕಂಬಕ್ಕೆ ಒರಗಿ ನೋಡುತ್ತಿದ್ದವನು ನಾನು. ಪರದೆಯ ಅರಮನೆ ಅಲ್ಲಿಂದ ಸದಾ ಸಣಕಲು. ಇದು ನನಗೆ ಗೊತ್ತಿರಬೇಕಿತ್ತು.

ಹಾಗಾದರೆ ಅವಳು ಅಳೆದಿಲ್ಲ, ಕದ್ದಿಲ್ಲ. ನೋಡಿದ್ದಾಳೆ. ಆದರೆ ಹೇಗೆ ನೋಡಿದರೆ ಆರು ಪಟ್ಟು ದೊಡ್ಡದು ಅಂಗೈಯ ತುಂಡಿಗೆ ಹೊಂದುತ್ತದೆ?

ಆಗಸ್ಟ್ 12, ಸೋಮವಾರ. ಸಂಜೆ 7

ಅಪ್ಪ ಬಂದಿದ್ದರು, ಮಗಳ ಜೊತೆ. ಅಂಗಡಿಗಳ ಬೋರ್ಡು ಬರೆಯುವವರು; ಮೊಣಕೈವರೆಗೆ ನೀಲಿ ಬಣ್ಣ. ಹೆಡ್‌ಮಿಸ್ ಪತ್ರ ಮುಂದೆ ತಳ್ಳಿದರು. ಅಪ್ಪ ಸಹಿಗೆ ಪೆನ್ನು ತೆಗೆದುಕೊಂಡೂ ಬಿಟ್ಟರು.

“ಒಂದು ನಿಮಿಷ,” ಎಂದೆ. ಎಲ್ಲರನ್ನೂ ಖಾಲಿ ತರಗತಿಗೆ ಕರೆದೊಯ್ದೆ. “ನಿನ್ನ ಜಾಗದಲ್ಲೇ ಕೂತ್ಕೊಳಮ್ಮ. ಹೇಗೆ ನೋಡಿದೆ, ತೋರಿಸು.” ಆಮೇಲೆ ಬಾಯಿ ಮುಚ್ಚಿಕೊಂಡು ನಿಂತೆ. ಬಲು ಕಷ್ಟದ ಪಾತ್ರ.

ಎಡಗಣ್ಣು ಮುಚ್ಚಿದಳು. ರಟ್ಟಿನ ತುಂಡನ್ನು ಚಾರ್ಟಿನತ್ತ ಹಿಡಿದು ಕೈಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದಳು. ನಿಲ್ಲಿಸಿದಳು.

“ಪೂರ್ತಿ ಮುಚ್ತು. ಇದು ಕಾಪಿ.” ಇನ್ನೊಂದು ತುಂಡು. “ಮೇಲೆ ಕೆಳಗೆ ಮುಚ್ತು, ಪಕ್ಕದಲ್ಲಿ ಇಣುಕ್ತಿದೆ. ಇದಲ್ಲ.”

“ನಾನೇ ಕಲಿಸಿದ್ದು ಸಾರ್,” ಎಂದರು ಅಪ್ಪ. “ಗೋಡೆ ಮೇಲೆ ಅಕ್ಷರ ಬರೆದಾದ್ಮೇಲೆ ರಸ್ತೆ ಆ ಕಡೆ ನಿಂತು, ಕತ್ತರಿಸಿದ ನಮೂನೆ ಹಿಡಿದು ನೋಡ್ತೀನಿ. ಸಣ್ಣದು ದೊಡ್ಡದನ್ನ ಮರೆಮಾಡಿದ್ರೆ ಕೆಲಸ ಸರಿ. ನೇರ ನಿಲ್ಬೇಕು ಅಷ್ಟೇ. ಓರೆಗೆ ನಿಂತ್ರೆ ಕೆಟ್ಟಿತು.”

ಹೆಡ್‌ಮಿಸ್ ಬೆಂಚಿನೊಳಗೆ ಇಕ್ಕಟ್ಟಾಗಿ ಕೂತು, ಒಂದು ಕಣ್ಣು ಮುಚ್ಚಲು ಹೋಗಿ ಎರಡನ್ನೂ ಮುಚ್ಚಿದರು. ಕೊನೆಗೆ ಒಂದನ್ನು ಅಂಗೈಯಿಂದ ಒತ್ತಿ ಹಿಡಿದರು. ನಾಲ್ಕು ಚಾರ್ಟು ನೋಡಿದರು. “ಹೌದಲ್ರೀ.” ಪತ್ರ ಹರಿದರು. ಹತ್ತಕ್ಕೆ ಹತ್ತು ಉಳಿಯಿತು.

ಬಾಗಿಲಲ್ಲಿ ಅಪ್ಪನಿಗೆ ತಪ್ಪಾಯಿತು ಎಂದೆ.

“ನಂಗ್ಯಾಕೆ ಹೇಳ್ತೀರಿ ಸಾರ್? ನೀವು ಅಂದಿದ್ದು ಅವಳಿಗೆ. ಅದೂ ಅಷ್ಟು ಜನರ ಎದುರಿಗೆ.”

ಹುಡುಗಿ ನನ್ನತ್ತ ನೋಡಲಿಲ್ಲ. ಕಿಟಕಿ ನೋಡಿದಳು.

ಅವರು ಹೋದ ಮೇಲೆ ಅವಳ ಜಾಗದಲ್ಲಿ ಕೂತು ದಾರ ಹಿಡಿದು ಅಳೆದೆ. ಕಣ್ಣಿನಿಂದ ತುಂಡಿಗೆ ಐವತ್ತು ಸೆಂಟಿಮೀಟರ್. ಚಾರ್ಟಿಗೆ ಮುನ್ನೂರು. ಆರು ಪಟ್ಟು ದೂರ, ಆರು ಪಟ್ಟು ಆಕೃತಿ. ಕೈ ಒಂದು ಕಡೆ ನಿಂತರೆ ಪಟ್ಟೂ ಒಂದೇ. ಎತ್ತರಕ್ಕೊಂದು ಅಗಲಕ್ಕೊಂದು ಎಂದರೆ ನಡೆಯುವುದಿಲ್ಲ. ಅದಕ್ಕೇ ಇಣುಕುವುದು. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಹೊಳೆದಿರಲಿಲ್ಲ. ಈಗಲೂ ಕಣ್ಣು ಮುಚ್ಚಿ ತೆರೆದು, ಕೈಯ ಬೆಂಕಿಪೊಟ್ಟಣದಿಂದ ಬೀರುವನ್ನು ಮರೆಮಾಡಿ ನೋಡುತ್ತಿದ್ದೇನೆ. ಬೀರು ಇಣುಕುತ್ತಿದೆ.

ಅವಳಿಗೆ ಹೇಳಬೇಕಾದ್ದನ್ನು ಬರೆದು ನೋಡಿದೆ. ಸಂಭಾಷಣೆ ಉದ್ದವಾಯಿತು, ಹೊಡೆದುಹಾಕಿದೆ. ಮತ್ತೆ ಬರೆದೆ. ಮತ್ತೆ ಹೊಡೆದುಹಾಕಿದೆ. ಉಳಿದದ್ದು ಎರಡೇ ಪದ.

ನಾಳೆ ಬೆಳಿಗ್ಗೆ, ಹಾಜರಿ ಕರೆಯುವ ಮೊದಲೇ, ಎರಡನೇ ಬೆಂಚಿನ ಮುಂದೆ ಹೋಗಿ ನಿಲ್ಲುತ್ತೇನೆ. ಕೊನೆಯ ಬೆಂಚಿಗೆ ಕೇಳುವಷ್ಟೇ ದನಿಯಲ್ಲಿ, ತಪ್ಪು ನನ್ನದು ಎನ್ನುತ್ತೇನೆ. ಆಮೇಲೆ ಚಾಕ್‌ಪೀಸು ಅವಳತ್ತ ಚಾಚಿ, ಪಾಠ ಅವಳಿಗೇ ಬಿಟ್ಟು ಕೂರುತ್ತೇನೆ.